ಓಪನ್‌ರಿಫೈನ್ ವಿಮರ್ಶೆ: ಕನ್ನಡ ಹೆಸರುಪಟ್ಟಿಯ ಕಾಗುಣಿತ ಗೋಜಲು ಬಿಡಿಸಲು ಇದು ಸಾಕೇ?

ಒಂದು ಪಟ್ಟಿಯಲ್ಲಿ ಕೃಷ್ಣಪ್ಪ, ಇನ್ನೊಂದರಲ್ಲಿ ಕ್ರಿಷ್ಣಪ್ಪ. ಒಂದರಲ್ಲಿ ಸಿದ್ಧಪ್ಪ ಗೌಡ, ಇನ್ನೊಂದರಲ್ಲಿ ಸಿದ್ದಪ್ಪ ಗವುಡ. ಸಹಕಾರ ಸಂಘದ ಸದಸ್ಯರ ಪಟ್ಟಿಯಿರಲಿ, ಗ್ರಂಥಾಲಯದ ಲೇಖಕರ ಸೂಚಿಯಿರಲಿ, ಹಳೆಯ ವಿದ್ಯಾರ್ಥಿಗಳ ದಾಖಲೆಯಿರಲಿ, ಎರಡು ಕಡತ ಕೂಡಿಸಲು ಕೂತವರಿಗೆ ಈ ತಲೆನೋವು ತಪ್ಪಿದ್ದಲ್ಲ. ಇಂಥ ಕೆಲಸಕ್ಕೆ ಮೊದಲು ಕೇಳಿಬರುವ ಹೆಸರು ಓಪನ್‌ರಿಫೈನ್. ಉಚಿತ, ಮುಕ್ತ ತಂತ್ರಾಂಶ. 2010ರಲ್ಲಿ ಮೆಟಾವೆಬ್ ಕಂಪನಿಯ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಆಗಿ ಹುಟ್ಟಿ, ಅದೇ ವರ್ಷ ಗೂಗಲ್ ಕೈಗೆ ಹೋಗಿ ಗೂಗಲ್ ರಿಫೈನ್ ಆಯಿತು. 2012ರಲ್ಲಿ ಗೂಗಲ್ ಕೈಬಿಟ್ಟ ಮೇಲೆ ಬಳಕೆದಾರರ ಸಮುದಾಯವೇ ಓಪನ್‌ರಿಫೈನ್ ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದಿದೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಹೋಲುವ ಪದಗಳನ್ನು ಗುಂಪು ಮಾಡಿ ತೋರಿಸುವ, ಕಣ್ಣಿಂದ ನೋಡಿ ಒಪ್ಪುವ ಅಥವಾ ಬಿಡುವ ಪರದೆ ಇದರಷ್ಟು ಚೆನ್ನಾಗಿ ಬೇರೆ ಉಚಿತ ಸಾಧನದಲ್ಲಿ ಇಲ್ಲ. ಆದರೆ ಅದರೊಳಗೆ ಸಿದ್ಧವಾಗಿ ಬರುವ ವಿಧಾನಗಳು ಕನ್ನಡ ಲಿಪಿಗೆ ಹೊಂದುವುದಿಲ್ಲ. ಕನ್ನಡಕ್ಕೆ ಬೇಕಾದ ಕೀಲಿಯನ್ನು, ಅಂದರೆ ಬೇರೆ ಬೇರೆ ಕಾಗುಣಿತವನ್ನು ಒಂದೇ ರೂಪಕ್ಕೆ ತರುವ ಸೂತ್ರವನ್ನು, ನೀವೇ ಬರೆದುಕೊಟ್ಟರೆ ಐದಕ್ಕೆ ನಾಲ್ಕೂವರೆ ಅಂಕ. ಇದ್ದದ್ದನ್ನು ಇದ್ದ ಹಾಗೆ ಒತ್ತಿ ಬಳಸಿದರೆ ಎರಡು, ಅದೂ ಉದಾರವಾಗಿ.

ಅಳವಡಿಕೆ ಮತ್ತು ಕಡತ ತೆರೆಯುವುದು

ವಿಂಡೋಸ್‌ಗೆ ಜಾವಾ ಒಳಗೊಂಡ ಜಿಪ್ ಕಟ್ಟು ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳಿ. ಬಿಚ್ಚಿ ಓಡಿಸಿದರೆ ಬ್ರೌಸರ್‌ನಲ್ಲಿ 127.0.0.1 ವಿಳಾಸದ 3333ನೇ ಪೋರ್ಟ್‌ನಲ್ಲಿ ತೆರೆದುಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಕಂಡರೂ ಕೆಲಸವೆಲ್ಲ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ, ದತ್ತಾಂಶ ಹೊರಗೆ ಹೋಗುವುದಿಲ್ಲ. ಜನರ ಹೆಸರು, ವಿಳಾಸ ಇರುವ ಪಟ್ಟಿಗೆ ಇದು ಸಣ್ಣ ಮಾತಲ್ಲ.

ಮೊದಲ ಎಡವಟ್ಟು ಆಗುವುದು ಕಡತ ತರುವಾಗ. ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ, ಮತ್ತೆ ವಾಪಸು ಬರುವುದಿಲ್ಲ. 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆಯಲ್ಲೇ ಉಳಿಸಬೇಕು. ಓಪನ್‌ರಿಫೈನ್ ಮುನ್ನೋಟದಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಇದೆಯೇ ನೋಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ರೂಪದಲ್ಲಿ ಇರುವ ಕಡತವಾದರೆ ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡೇ ಇಲ್ಲಿಗೆ ಬರಬೇಕು.

ಕಣ್ಣಿಗೆ ಕಾಣದ ವ್ಯತ್ಯಾಸಗಳು

ಗುಂಪು ಮಾಡುವ ಗುಂಡಿ ಒತ್ತುವ ಮುನ್ನ ಒಂದು ಕೆಲಸ ಇದೆ, ಹೆಚ್ಚಿನವರು ಬಿಡುವುದು ಇದನ್ನೇ. ಕಾಲಂ ಮೆನುವಿನ ಫ್ಯಾಸೆಟ್ (ಕಾಲಂನಲ್ಲಿರುವುದನ್ನು ಬಗೆವಾರು ತೋರಿಸಿ ಸಾಲು ಸೋಸುವ ಸೌಲಭ್ಯ) ಪಟ್ಟಿಯಲ್ಲಿ, ಕಸ್ಟಮ್ ವಿಭಾಗದೊಳಗೆ 'ಯೂನಿಕೋಡ್ ಕ್ಯಾರೆಕ್ಟರ್ ಕೋಡ್' ಎಂಬುದಿದೆ. ತೆರೆದರೆ ಯಾವ ಸಂಕೇತ ಸಂಖ್ಯೆಗಳು (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಯೂನಿಕೋಡ್ ಕೊಟ್ಟ ಸಂಖ್ಯೆ) ಕಾಲಂನಲ್ಲಿವೆ ಎಂಬ ಪಟ್ಟೆಚಿತ್ರ ಬರುತ್ತದೆ. ಕನ್ನಡದ ಜಾಗ 3200ರಿಂದ 3327. ಅದರ ಆಚೆ ಬಲಗಡೆ 8204, 8205ರ ಹತ್ತಿರ ಒಂದು ಗೆರೆ ಎದ್ದಿದ್ದರೆ, ಅವು ಅಗಲವೇ ಇಲ್ಲದ ಅಕ್ಷರಗಳು: ಜೋಡಣೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಮತ್ತು ಜೋಡಿಸುವ ಝಡ್‌ಡಬ್ಲ್ಯುಜೆ. 'ರಾಜ್‌ಕುಮಾರ್' ಎಂದು ಒಡೆದು ಕಾಣಲು ಮೊದಲನೆಯದು ಬೇಕು. 'ರ‍್ಯಾಂಕ್' ಎಂದು ಅರ್ಕಾವತ್ತು ಇಲ್ಲದೆ ಬರೆಯಲು ಎರಡನೆಯದು ಬೇಕು. ಈ ಎರಡನೆಯದನ್ನು ಹಲಂತದ ಮುಂಚೆ ಹಾಕುವವರೂ ಇದ್ದಾರೆ, ನಂತರ ಹಾಕುವವರೂ ಇದ್ದಾರೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣಬಹುದು, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಪದ.

ಇನ್ನೊಂದು ಕಳ್ಳ: 3302. ಇದು ಕನ್ನಡ ಅಂಕಿ ಸೊನ್ನೆ. ಅನುಸ್ವಾರದ ಸಂಖ್ಯೆ 3202. 'ಬೆ೦ಗಳೂರು' ಎಂದು ಅಂಕಿ ಸೊನ್ನೆ ಹಾಕಿ ಬರೆದ ಪಠ್ಯ ಜಾಲದಲ್ಲೂ ಹಳೆಯ ಕಡತಗಳಲ್ಲೂ ರಾಶಿ ಬಿದ್ದಿದೆ. ವಿಸರ್ಗದ ಬದಲು ಕೋಲನ್ ಹಾಕಿದ 'ದು:ಖ' ಅದರ ಅಣ್ಣ. ಮತ್ತೆ, ದೀರ್ಘ 'ಈ' ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮಾನ; ಎನ್‌ಎಫ್‌ಸಿ ಎಂಬ ಯೂನಿಕೋಡಿನ ಪ್ರಮಾಣಿತ ರೂಪಕ್ಕೆ ತಂದರೆ ಒಂದಾಗುತ್ತವೆ. ಆದರೆ ಎನ್‌ಎಫ್‌ಸಿ ಅಗಲವಿಲ್ಲದ ಅಕ್ಷರಗಳನ್ನು ಮುಟ್ಟುವುದಿಲ್ಲ, ಅಂಕಿ ಸೊನ್ನೆಯನ್ನೂ ಮುಟ್ಟುವುದಿಲ್ಲ. ಎನ್‌ಎಫ್‌ಸಿ ಮಾಡಿದೆ, ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ.

ಸಿದ್ಧ ವಿಧಾನಗಳು: ಯಾವುದು ಎಲ್ಲಿ ಕೈಕೊಡುತ್ತದೆ

ವಿಧಾನಗಳು ಎರಡು ಬಗೆ. ಮೊದಲನೆಯದು ಪ್ರತಿ ಪದಕ್ಕೂ ಒಂದು ಕೀಲಿ ತಯಾರಿಸಿ, ಒಂದೇ ಕೀಲಿ ಬಂದವನ್ನು ಗುಂಪು ಮಾಡುವುದು. ಎರಡನೆಯದು ಪದಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ಅಂತರ ಅಳೆಯುವುದು.

ಕೀಲಿ ಬಗೆಯಲ್ಲಿ ಮೊದಲು ಸಿಗುವುದು ಫಿಂಗರ್‌ಪ್ರಿಂಟ್. ಆಚೀಚೆಯ ಖಾಲಿ ಜಾಗ ತೆಗೆಯುತ್ತದೆ, ವಿರಾಮಚಿಹ್ನೆ ಕಿತ್ತುಹಾಕುತ್ತದೆ, ಪದಗಳಾಗಿ ಒಡೆದು ಅಕಾರಾದಿಯಾಗಿ ಜೋಡಿಸುತ್ತದೆ, ಎರಡು ಸಲ ಬಂದದ್ದನ್ನು ಒಂದು ಮಾಡುತ್ತದೆ. 'ಮಂಜುನಾಥ ಹೆಗಡೆ' ಮತ್ತು 'ಹೆಗಡೆ, ಮಂಜುನಾಥ' ಒಂದಾಗುತ್ತವೆ. ಚೆನ್ನ. ಆದರೆ ನಮ್ಮ ಇನಿಷಿಯಲ್ ಪದ್ಧತಿ ಇದಕ್ಕೆ ಗೊತ್ತಿಲ್ಲ. ಚುಕ್ಕಿ ತೆಗೆದ ಜಾಗದಲ್ಲಿ ಅದು ಖಾಲಿ ಬಿಡುವುದಿಲ್ಲ. ಹಾಗಾಗಿ 'ಕೆ. ಎಂ. ರಮೇಶ್' ಮೂರು ಪದವಾಗುತ್ತದೆ, 'ಕೆ.ಎಂ. ರಮೇಶ್' ಎರಡೇ ಪದವಾಗುತ್ತದೆ. ಒಂದೇ ಮನುಷ್ಯನಿಗೆ ಎರಡು ಕೀಲಿ. ಅತ್ತ 'ಎಚ್. ಎಸ್. ರಮೇಶ್' ಮತ್ತು 'ಎಸ್. ಎಚ್. ರಮೇಶ್' ಅಕಾರಾದಿ ಜೋಡಣೆಯಿಂದ ಒಂದೇ ಕೀಲಿಗೆ ಬೀಳುತ್ತಾರೆ. 'ಕೆ. ಕೆ. ರಮೇಶ್' ಎರಡನೆಯ 'ಕೆ' ಕಳೆದುಕೊಂಡು 'ಕೆ. ರಮೇಶ್' ಜೊತೆ ಸೇರಿಕೊಳ್ಳುತ್ತಾರೆ. ಇನಿಷಿಯಲ್‌ಗಳನ್ನು ಬೇರೆ ಕಾಲಂಗೆ ತೆಗೆದಿಟ್ಟ ಮೇಲೆಯೇ ಫಿಂಗರ್‌ಪ್ರಿಂಟ್ ಬಳಸಬೇಕು ಅನ್ನುವುದು ಇದಕ್ಕೇ.

ಎನ್-ಗ್ರಾಂ ಫಿಂಗರ್‌ಪ್ರಿಂಟ್ ಪದವನ್ನು ತುಂಡು ಮಾಡಿ, ತುಂಡುಗಳನ್ನು ಜೋಡಿಸಿ ಕೀಲಿ ಮಾಡುತ್ತದೆ. ತುಂಡಿನ ಗಾತ್ರ 1 ಇಟ್ಟರೆ ಇಂಗ್ಲಿಷ್‌ನಲ್ಲಿ ಟೈಪಿಂಗ್ ತಪ್ಪು ಹಿಡಿಯಲು ಉಪಯೋಗ ಎಂದು ಕೈಪಿಡಿಗಳು ಹೇಳುತ್ತವೆ. ಕನ್ನಡದಲ್ಲಿ ಹಾಗೆ ಇಟ್ಟು ನೋಡಿ: ರಾಮ, ರಮಾ, ಮಾರ ಮೂರಕ್ಕೂ ಒಂದೇ ಕೀಲಿ. ಯಾಕೆಂದರೆ ಮೂರರಲ್ಲೂ ಇರುವುದು ರ, ಮ ಮತ್ತು ಆಕಾರದ ಇಳಿ, ಇಷ್ಟೇ. ಗಾತ್ರ 2 ಇಟ್ಟರೆ ಈ ಮೂರು ಬೇರೆಯಾಗುತ್ತವೆ, ಆದರೆ ತುಂಡು ಮಾಡುವುದು ಅಕ್ಷರದ ಲೆಕ್ಕದಲ್ಲಲ್ಲ, ಸಂಕೇತದ ಲೆಕ್ಕದಲ್ಲಿ. 'ಲಕ್ಷ್ಮಿ' ನಮಗೆ ಎರಡಕ್ಷರ, ಕಂಪ್ಯೂಟರಿಗೆ ಏಳು ಸಂಕೇತ. 'ಕ್ಷ್ಮಿ'ಯ ನಡುವೆ ಎಲ್ಲೆಲ್ಲೋ ಕತ್ತರಿ ಬೀಳುತ್ತದೆ.

ಲೆವೆನ್‌ಷ್ಟೈನ್ ಅಂತರದ ಕಥೆ ಇನ್ನೂ ಸ್ವಾರಸ್ಯ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಸಂಕೇತ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂಬ ಎಣಿಕೆ ಅದು. ಗೀತಾ ಮತ್ತು ಗೀತ: ಅಂತರ 1. ಗೀತಾ ಮತ್ತು ಸೀತಾ: ಅಂತರ 1. ಅದೇ ಕೃಷ್ಣಪ್ಪ ಮತ್ತು ಕ್ರಿಷ್ಣಪ್ಪ: ಅಂತರ 3, ಏಕೆಂದರೆ ವಟ್ರಸುಳಿ ಒಂದೇ ಸಂಕೇತ, ಅದರ ಬದಲು ಹಲಂತ, ರ, ಗುಡಿಸು ಮೂರು ಬರಬೇಕು. ಗೌಡ ಮತ್ತು ಗವುಡ: 2. ಶಂಕರ ಮತ್ತು ಶಙ್ಕರ: 2. ಮಿತಿ 1 ಇಟ್ಟರೆ ಗೀತಾ, ಸೀತಾ ಒಂದೇ ಗುಂಪಿಗೆ ಬರುತ್ತಾರೆ, ಕೃಷ್ಣಪ್ಪ ಮಾತ್ರ ಇಬ್ಬರಾಗಿಯೇ ಉಳಿಯುತ್ತಾರೆ. ಮಿತಿ 3ಕ್ಕೆ ಏರಿಸಿದರೆ ಕೃಷ್ಣಪ್ಪ ಒಂದಾಗುತ್ತಾರೆ, ಜೊತೆಗೆ ಪಟ್ಟಿಯ ಅರ್ಧ ಊರೂ ಒಂದಾಗುತ್ತದೆ. ಎಲ್ಲ ಬದಲಾವಣೆಗೂ ಒಂದೇ ಬೆಲೆ ಕಟ್ಟುವ ಅಳತೆಗೋಲು ಕನ್ನಡ ಕಾಗುಣಿತಕ್ಕೆ ಒಗ್ಗದಿರಲು ಮೂಲ ಕಾರಣ ಇಷ್ಟೇ.

ಇದರ ಜೊತೆ ಇನ್ನೊಂದು ಅಡಚಣೆ, 'ಬ್ಲಾಕ್' ಎಂಬ ಸಂಖ್ಯೆ. ಎಲ್ಲ ಪದವನ್ನೂ ಎಲ್ಲದರ ಜೊತೆ ಹೋಲಿಸಿದರೆ ಯಂತ್ರ ಕುಸಿಯುತ್ತದೆಂದು, ಸಮಾನವಾದ ಒಂದು ತುಂಡು ಇರುವ ಜೋಡಿಗಳನ್ನು ಮಾತ್ರ ಹೋಲಿಸುತ್ತದೆ. ಆ ತುಂಡಿನ ಉದ್ದ ಮೊದಲಿಗೆ 6. ಗೀತಾ ಎಂಬ ಹೆಸರಿನಲ್ಲಿರುವುದೇ ನಾಲ್ಕು ಸಂಕೇತ! ಚಿಕ್ಕ ಹೆಸರುಗಳು ಹೋಲಿಕೆಗೇ ಬರುವುದಿಲ್ಲ, ನೀವು ತಪ್ಪೇ ಇಲ್ಲ ಎಂದು ಖುಷಿಪಡುತ್ತೀರಿ. 3ಕ್ಕೆ ಇಳಿಸಿ. ನಿಧಾನವಾಗುತ್ತದೆ, ಆದರೆ ಕೆಲಸ ಆಗುತ್ತದೆ. ಹತ್ತಾರು ಸಾವಿರ ಬೇರೆ ಬೇರೆ ಹೆಸರಿದ್ದರೆ ಹೋಬಳಿ ಅಥವಾ ಊರಿನ ಫ್ಯಾಸೆಟ್ ಹಾಕಿ, ಒಂದೊಂದೇ ಊರಿನ ಒಳಗೆ ನಡೆಸಿ.

ಪಿಪಿಎಂ ಎಂಬ ಇನ್ನೊಂದು ಅಂತರವಿದೆ, ಅದು ಉದ್ದ ವಿಳಾಸಗಳಿಗೆ ಮಾತ್ರ. ಹೆಸರಿಗೆ ಬೇಡ.

ರೋಮನ್ ಲಿಪಿಯಲ್ಲಿ ಹೆಸರು ಇದ್ದರೆ

ಉಳಿದವೆಲ್ಲ ಉಚ್ಚಾರ ಆಧಾರಿತ ಕೀಲಿಗಳು: ಮೆಟಾಫೋನ್ 3, ಜರ್ಮನ್ ಹೆಸರುಗಳಿಗಾಗಿ ಮಾಡಿದ ಕಲೋನ್, ಪೂರ್ವ ಯುರೋಪಿನ ಯಹೂದಿ ಹೆಸರುಗಳಿಗಾಗಿ ಮಾಡಿದ ಡೈಚ್-ಮೊಕೊಟಾಫ್ ಇತ್ಯಾದಿ. ಕನ್ನಡ ಲಿಪಿಗೆ ಇವುಗಳಿಂದ ಪ್ರಯೋಜನವಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹೆಸರುಗಳಿಗೆ ಹೇಗೆ ಎಂಬುದೇ ಪ್ರಶ್ನೆ.

ಇಲ್ಲಿ ಒಂದು ಅಚ್ಚರಿ ಇದೆ. ನಮ್ಮಲ್ಲಿ ಗೀತಾ, ಲತಾ, ಸವಿತಾ ಹೆಸರುಗಳಿಗೆ 'ಟಿಎಚ್' ಹಾಕುವವರೂ ಇದ್ದಾರೆ, ಬರೀ 'ಟಿ' ಹಾಕುವವರೂ ಇದ್ದಾರೆ. ಮೆಟಾಫೋನ್ ಕುಟುಂಬ 'ಟಿಎಚ್' ಕಂಡರೆ ಇಂಗ್ಲಿಷಿನ ಬೇರೆಯೇ ಧ್ವನಿ ಎಂದುಕೊಂಡು ಬೇರೆ ಸಂಕೇತ ಕೊಡುತ್ತದೆ. ಗೀತಾ ಒಡೆದು ಇಬ್ಬರಾಗುತ್ತಾಳೆ. 1918ರಲ್ಲಿ ಅಮೆರಿಕದಲ್ಲಿ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ ಸೌಂಡೆಕ್ಸ್ 'ಎಚ್' ಅನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ ಗೀತಾಳ ಎಲ್ಲ ಸ್ಪೆಲಿಂಗ್‌ಗೂ ಜಿ300 ಎಂದೇ ಬರುತ್ತದೆ. ಗೌಡ ಹೆಸರನ್ನು 'ಡಬ್ಲ್ಯು' ಹಾಕಿ ಬರೆದರೂ 'ಯು' ಹಾಕಿ ಬರೆದರೂ ಅದೇ ಜಿ300. ಲಕ್ಷ್ಮಿಯನ್ನು 'ಕೆಎಸ್‌ಎಚ್' ಹಾಕಿ ಬರೆದರೂ 'ಎಕ್ಸ್' ಹಾಕಿ ಬರೆದರೂ ಎಲ್250. ಸೌಂಡೆಕ್ಸ್ ಗುಂಪು ಮಾಡುವ ಪರದೆಯಲ್ಲಿ ಸಿಗುವುದಿಲ್ಲ, ಓಪನ್‌ರಿಫೈನ್‌ನದೇ ಸೂತ್ರಭಾಷೆಯಾದ ಗ್ರೆಲ್‌ನಲ್ಲಿ 'ಫೊನೆಟಿಕ್' ಫಂಕ್ಷನ್ ಮೂಲಕ ಕರೆಯಬೇಕು.

ಹಾಗೆಂದು ಸೌಂಡೆಕ್ಸ್‌ಗೆ ಜೈ ಎನ್ನುವಂತಿಲ್ಲ. ಮೊದಲ ಅಕ್ಷರ, ನಂತರ ಮೂರು ಅಂಕಿ, ಅಷ್ಟಕ್ಕೇ ನಿಲ್ಲುತ್ತದೆ. ಜಿ300 ಬಂದದ್ದರಲ್ಲೇ ಗೀತಾ ಮತ್ತು ಗೌಡ ಇಬ್ಬರೂ ಇದ್ದಾರೆ ಗಮನಿಸಿ. ನಮ್ಮ ಹೆಸರುಗಳು ಉದ್ದ, ಅದರಲ್ಲೂ ಪೂರ್ವಪದ ಸಾಮಾನ್ಯ. ವೆಂಕಟೇಶ, ವೆಂಕಟಪ್ಪ, ವೆಂಕಟರಮಣ, ವೆಂಕಟಾಚಲ ಎಲ್ಲರೂ ವಿ523. ಚಂದ್ರಪ್ಪ, ಚಂದ್ರಕಲಾ, ಚಂದ್ರಶೇಖರ ಎಲ್ಲರೂ ಸಿ536. ಅತ್ತ ವಿಶ್ವೇಶ್ವರ ಎಂಬ ಒಂದೇ ಹೆಸರನ್ನು 'ಎಸ್‌ವಿ' ಎಂದು ಬರೆದರೆ ವಿ212, 'ಎಸ್‌ಎಚ್‌ಡಬ್ಲ್ಯು' ಎಂದು ಬರೆದರೆ ವಿ226. ಏಕೆಂದರೆ 'ವಿ' ಎಣಿಕೆಗೆ ಬರುತ್ತದೆ, 'ಡಬ್ಲ್ಯು' ಬರುವುದಿಲ್ಲ. ರೋಮನ್ ಪಟ್ಟಿಗೂ ಒಳ್ಳೆಯ ದಾರಿ ಎಂದರೆ ಕೈಯಾರೆ ನಿಯಮ ಬರೆಯುವುದೇ: 'ಡಬ್ಲ್ಯು' ಇದ್ದಲ್ಲಿ 'ವಿ', 'ಎಕ್ಸ್' ಇದ್ದಲ್ಲಿ 'ಕೆಎಸ್', ವ್ಯಂಜನದ ನಂತರದ 'ಎಚ್' ತೆಗೆ, ಜೋಡಿ 'ಇ'ಗೆ 'ಐ', ಜೋಡಿ 'ಓ'ಗೆ 'ಯು', ಕೊನೆಯ 'ಎ' ತೆಗೆ. ಆಮೇಲೆ ಫಿಂಗರ್‌ಪ್ರಿಂಟ್.

ಕನ್ನಡಕ್ಕೆ ಕೀಲಿ ಕಟ್ಟುವ ಬಗೆ

ಇತ್ತೀಚಿನ ಆವೃತ್ತಿಗಳಲ್ಲಿ ಗುಂಪು ಮಾಡುವ ಪರದೆಗೆ ನಮ್ಮದೇ ಕೀಲಿ ಸೂತ್ರ ಸೇರಿಸಬಹುದು. ಕನ್ನಡಿಗರ ಮಟ್ಟಿಗೆ ಓಪನ್‌ರಿಫೈನ್‌ಗೆ ಬಂದ ಅತಿ ಮುಖ್ಯ ಸುಧಾರಣೆ ಇದು. ಮುಂಚೆ ಕೀಲಿಗೆ ಬೇರೆ ಕಾಲಂ ಮಾಡಿಕೊಂಡರೆ ವಿಲೀನವೂ ಆ ಕಾಲಂನಲ್ಲೇ ಆಗುತ್ತಿತ್ತು, ಹೆಸರಿನ ಕಾಲಂ ಹಾಗೇ ಉಳಿಯುತ್ತಿತ್ತು. ಈಗ ಹೆಸರಿನ ಕಾಲಂ ಮೇಲೆಯೇ ನಿಮ್ಮ ಕೀಲಿ ಓಡುತ್ತದೆ, ಮೂಲ ಕಾಗುಣಿತ ಕೆಡುವುದಿಲ್ಲ.

ಸೂತ್ರ ಎಂದರೆ ಗ್ರೆಲ್‌ನ 'ರಿಪ್ಲೇಸ್' ಕರೆಗಳ ಸರಪಳಿ. ಕ್ರಮ ಮುಖ್ಯ. ಮೊದಲು ಅಗಲವಿಲ್ಲದ ಅಕ್ಷರಗಳು ಹೋಗಬೇಕು. ಹಲಂತಕ್ಕೂ ಮುಂದಿನ ವ್ಯಂಜನಕ್ಕೂ ನಡುವೆ ಅವು ಕೂತಿದ್ದರೆ ಮುಂದಿನ ಯಾವ ನಿಯಮವೂ ತಾಗುವುದಿಲ್ಲ. ಆಮೇಲೆ ಅಕ್ಷರಗಳ ನಡುವಿನ ಅಂಕಿ ಸೊನ್ನೆಗೆ ಅನುಸ್ವಾರ. ಚುಕ್ಕಿಗೆ ಖಾಲಿ ಜಾಗ. ಶ್ರೀ, ಶ್ರೀಮತಿ, ಡಾ ಇವನ್ನು ತೆಗೆಯಿರಿ. ಪಹಣಿ ಮಾದರಿಯ ದಾಖಲೆಯಾದರೆ 'ಬಿನ್', 'ಕೋಂ' ಬಂದ ಕಡೆ ಸೀಳಿ ತಂದೆಯ ಅಥವಾ ಗಂಡನ ಹೆಸರನ್ನು ಬೇರೆ ಕಾಲಂಗೆ ಹಾಕಿಕೊಳ್ಳುವುದು ಸೂತ್ರಕ್ಕಿಂತ ಮುಂಚೆಯೇ ಆಗಬೇಕು. ಆ ಕಾಲಂ ಮುಂದೆ ತುಂಬಾ ಬೇಕಾಗುತ್ತದೆ.

ನಂತರ ಪದದ ಕೊನೆ. ನಾಗರಾಜ್, ನಾಗರಾಜ, ನಾಗರಾಜು, ನಾಗರಾಜಾ ಇವುಗಳ ಕೊನೆಯ ಹಲಂತ, ಕೊಂಬು, ಇಳಿ ತೆಗೆದರೆ ಎಲ್ಲವೂ ನಾಗರಾಜ. ರೆಗೆಕ್ಸ್‌ನಲ್ಲಿ (ಪಠ್ಯದ ಮಾದರಿ ಹುಡುಕುವ ಸೂತ್ರದಲ್ಲಿ) ಪದದ ಅಂಚು ಹಿಡಿಯುವ ಚಿಹ್ನೆಯನ್ನು ಕನ್ನಡಕ್ಕೆ ನಂಬಬೇಡಿ, ಅದು ಸ್ವರಚಿಹ್ನೆಗಳ ಹತ್ತಿರ ಎಡವುತ್ತದೆ. 'ಮುಂದೆ ಖಾಲಿ ಜಾಗ ಅಥವಾ ಸಾಲಿನ ಕೊನೆ' ಎಂದೇ ಬರೆಯಿರಿ. ಈ ಕೆಲಸ ವಟ್ರಸುಳಿಯ ನಿಯಮಕ್ಕಿಂತ ಮೊದಲೇ ಆಗಬೇಕು. ಇಲ್ಲದಿದ್ದರೆ ಕೃ, ಕ್ರು ಎರಡನ್ನೂ ಕ್ರಿ ಮಾಡುವ ನಿಯಮ ಚಂದ್ರುವನ್ನು ಚಂದ್ರಿ ಮಾಡಿ ಕೂರಿಸುತ್ತದೆ.

ಇನ್ನು ಮಹಾಪ್ರಾಣಗಳನ್ನು ಅಲ್ಪಪ್ರಾಣಕ್ಕೆ ಇಳಿಸಿ: ಹತ್ತು ಅಕ್ಷರ, ಹತ್ತು ಬದಲಾವಣೆ. ಸಿದ್ಧಪ್ಪ, ಸಿದ್ದಪ್ಪ ಒಂದಾದರು. ಶ, ಷ, ಸ ಮೂರನ್ನೂ ಸ ಮಾಡಿ. ಐತ್ವವನ್ನು 'ಯ್', ಔತ್ವವನ್ನು 'ವ್' ಎಂದು ಬಿಡಿಸಿ, 'ವು' ನಂತರ ವ್ಯಂಜನ ಬಂದಲ್ಲಿ ಅದನ್ನೂ 'ವ್' ಮಾಡಿ. ಗೌಡ, ಗವುಡ, ಗವ್ಡ ಕೂಡಿಕೊಳ್ಳುತ್ತವೆ. ಅನುನಾಸಿಕದ ನಂತರ ವರ್ಗೀಯ ವ್ಯಂಜನ ಬಂದರೆ ಅನುಸ್ವಾರ ಮಾಡಿ, ಆದರೆ ಆ ವ್ಯಂಜನ ಇನ್ನೊಂದು ಅನುನಾಸಿಕವಾಗಿರಬಾರದು. ಈ ಷರತ್ತು ಮರೆತರೆ ಅಮ್ಮ, ಅಣ್ಣ ಎಂದು ಮುಗಿಯುವ ಅಷ್ಟೂ ಹೆಸರು ಅಂಮ, ಅಂಣ ಆಗುತ್ತವೆ. ಹಳೆಯ ಮುದ್ರಣದ ದಾಖಲೆಯಾದರೆ ಅರ್ಕಾವತ್ತಿನ ಜೊತೆಗಿರುವ ದ್ವಿತ್ವ ಇಳಿಸಿ, ಧರ್ಮ್ಮ ಮತ್ತು ಧರ್ಮ ಒಂದಾಗಲಿ.

ಮಾಡಬಾರದ್ದೂ ಇದೆ. ಲ ಮತ್ತು ಳ, ನ ಮತ್ತು ಣ ಇವನ್ನು ಒಂದು ಮಾಡಬೇಡಿ. ಹಳ್ಳಿಗೂ ಹಲ್ಲಿಗೂ ಇರುವ ದೂರ ನಿಮಗೆ ಗೊತ್ತೇ ಇದೆ. ಪದದ ನಡುವಿನ ಹ್ರಸ್ವ ದೀರ್ಘವನ್ನೂ ಮುಟ್ಟಬೇಡಿ. ದ್ವಿತ್ವವನ್ನೆಲ್ಲ ಒಂದೇಟಿಗೆ ಒಂಟಿ ಮಾಡುವ ಆಸೆ ಬೇಡ. ಕೊನೆಯ ಸ್ವರ ತೆಗೆದದ್ದಕ್ಕೂ ಒಂದು ಬೆಲೆ ಇದೆ: ಕಮಲ್ ಎಂಬ ಹುಡುಗ, ಕಮಲಾ ಎಂಬ ಹುಡುಗಿ ಈಗ ಒಂದೇ ಕೀಲಿ. ಲಿಂಗದ ಕಾಲಂ ಇದ್ದರೆ ಫ್ಯಾಸೆಟ್ ಹಾಕಿ ಗಂಡು ಹೆಣ್ಣು ಬೇರೆ ಬೇರೆಯಾಗಿ ನಡೆಸಿ.

ವಿಲೀನದ ಪರದೆ

ಇಲ್ಲಿ ಓಪನ್‌ರಿಫೈನ್ ಗೆಲ್ಲುತ್ತದೆ. ಗುಂಪಿನಲ್ಲಿ ಎಷ್ಟು ರೂಪ, ಪ್ರತಿ ರೂಪಕ್ಕೆ ಎಷ್ಟು ಸಾಲು, ವಿಲೀನ ಮಾಡಲೇ ಎಂಬ ಗುರುತು, ಹೊಸ ಹೆಸರು ಏನು ಎಂಬ ಪೆಟ್ಟಿಗೆ. ಬಲಗಡೆಯ ಜಾರುಪಟ್ಟಿಗಳಲ್ಲಿ ಗುಂಪಿನ ಗಾತ್ರ, ಪದದ ಉದ್ದದ ವ್ಯತ್ಯಾಸ ಇವುಗಳಿಂದ ಸೋಸಬಹುದು. ಅನುಮಾನದ ಗುಂಪುಗಳು ಉದ್ದದ ವ್ಯತ್ಯಾಸ ಹೆಚ್ಚಿರುವ ಕಡೆಯೇ ಸಿಗುತ್ತವೆ. 'ಈ ಗುಂಪನ್ನು ತೆರೆ' ಎಂದರೆ ಆ ಸಾಲುಗಳಷ್ಟೇ ಬೇರೆ ಟ್ಯಾಬ್‌ನಲ್ಲಿ ಬರುತ್ತವೆ. ತಂದೆಯ ಹೆಸರು, ಊರು ನೋಡಿ ತೀರ್ಮಾನಿಸಲು ಇದೇ ಜಾಗ. ಸೀಳಿ ಇಟ್ಟ ಬಿನ್ ಕಾಲಂ ಈಗ ಕೆಲಸಕ್ಕೆ ಬರುತ್ತದೆ.

ಎರಡು ಎಚ್ಚರ. ಹೊಸ ಹೆಸರಾಗಿ ಅದು ತಾನೇ ಸೂಚಿಸುವುದು ಅತಿ ಹೆಚ್ಚು ಸಲ ಬಂದ ರೂಪವನ್ನು. ಒಬ್ಬರೇ ಟೈಪಿಸಿದ ಕಡತದಲ್ಲಿ ತಪ್ಪು ರೂಪವೇ ಹೆಚ್ಚಿರುತ್ತದೆ. ಎರಡನೆಯದು, 'ಎಲ್ಲ ಆಯ್ಕೆ' ಗುಂಡಿ. ಅದನ್ನು ಒತ್ತಿ ವಿಲೀನ ಮಾಡಿದರೆ ರದ್ದು ಮಾಡಲು ಇತಿಹಾಸದ ಪಟ್ಟಿ ಇದೆ ನಿಜ, ಆದರೆ ಇಡೀ ವಿಲೀನ ಒಂದೇ ಹೆಜ್ಜೆಯಾಗಿ ದಾಖಲಾಗಿರುತ್ತದೆ. ಅದರೊಳಗಿನ ಒಂದೇ ಒಂದು ಗುಂಪನ್ನು ಬಿಡಿಸಲು ಆಗುವುದಿಲ್ಲ. ಮೂಲ ಹೆಸರಿನ ಕಾಲಂನ ನಕಲು ಇಟ್ಟುಕೊಂಡೇ ಶುರುಮಾಡಿ.

ಅದೇ ಇತಿಹಾಸವನ್ನು ಜೇಸನ್ ಎಂಬ ಪಠ್ಯರೂಪದಲ್ಲಿ ತೆಗೆದಿಟ್ಟುಕೊಳ್ಳಬಹುದು. ಯಾವ ರೂಪ ಯಾವ ರೂಪವಾಯಿತು ಎಂಬ ಪೂರ್ತಿ ಪಟ್ಟಿ ಅದರಲ್ಲಿರುತ್ತದೆ. ಮುಂದಿನ ವರ್ಷದ ಕಡತಕ್ಕೆ ಅದನ್ನೇ ಅಂಟಿಸಿದರೆ ಹಳೆಯ ತೀರ್ಮಾನಗಳು ಹಾಗೇ ಅನ್ವಯವಾಗುತ್ತವೆ.

ಬೇರೆ ಏನು ನೋಡಬಹುದು

ದತ್ತಾಂಶ ಆಗಲೇ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದ್ದರೆ ಅದರ ಮೂರಕ್ಷರ ತುಂಡಿನ ವಿಸ್ತರಣೆ ಪಿಜಿ-ಟ್ರಿಗ್ರಾಂ ಹುಡುಕಾಟಕ್ಕೆ ಒಳ್ಳೆಯದು. ಸಾಮ್ಯದ ಮಿತಿ ಮೊದಲಿಗೆ 0.3 ಇರುತ್ತದೆ, ಹೆಸರುಗಳಿಗೆ ಅದು ಸಡಿಲ, ಏರಿಸಿಕೊಳ್ಳಿ. ಪೋಸ್ಟ್‌ಗ್ರೆಸ್‌ನ ಸೌಂಡೆಕ್ಸ್, ಮೆಟಾಫೋನ್ ಯುಟಿಎಫ್-8 ಜೊತೆ ಸರಿಯಾಗಿ ನಡೆಯುವುದಿಲ್ಲ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಪೈಥಾನ್ ಭಾಷೆ ಬಲ್ಲವರಿಗೆ ಹೋಲಿಕೆ ಅಳೆಯುವ ಲೈಬ್ರರಿ ರ‍್ಯಾಪಿಡ್‌ಫಜ್ ವೇಗವಾಗಿದೆ, ಪ್ರತಿ ಬದಲಾವಣೆಯ ಬಗೆಗೂ ಬೇರೆ ತೂಕ ಕೊಡಬಹುದು. ಆದರೆ ನೋಡಿ ಒಪ್ಪುವ ಪರದೆ ಇಲ್ಲ. ಲಿಬ್‌ಇಂಡಿಕ್ ಯೋಜನೆಯ ಸೌಂಡೆಕ್ಸ್ ಭಾರತೀಯ ಲಿಪಿಗಳಿಗೆಂದೇ ಬರೆದದ್ದು. ಕನ್ನಡದ ಒಂದು ಹೆಸರು, ಮಲಯಾಳದ ಒಂದು ಹೆಸರು ಒಂದೇ ಧ್ವನಿಯೇ ಎಂದು ಲಿಪಿ ದಾಟಿ ಹೋಲಿಸಬೇಕಾದವರು, ಕಾಸರಗೋಡಿನಂಥ ಗಡಿ ಜಿಲ್ಲೆಯ ದಾಖಲೆ ಇಟ್ಟುಕೊಂಡವರು, ಅದನ್ನು ಮೊದಲು ನೋಡುವುದು ಒಳ್ಳೆಯದು. ಅದರಲ್ಲಿ ಬಂದ ಸಂಕೇತವನ್ನು ಒಂದು ಕಾಲಂ ಮಾಡಿ ಓಪನ್‌ರಿಫೈನ್‌ಗೆ ತಂದು, ಅದರ ಮೇಲೆ ಫ್ಯಾಸೆಟ್ ಹಾಕಿ ಕೂತು ಪರಿಶೀಲಿಸಬಹುದು.